ನಮ್ಮನೇಲಿ ಎಲ್ಲರಿಗೂ ಹೀಗೇ ಮೇಡಂ

ಅಡಿಕೆ ಸುಲಿತ ಮುಗಿಯುವ ಹೊತ್ತಿಗೆ ನನ್ನ ಕ್ಲಿನಿಕ್ಕಿನಲ್ಲಿ ಹೆಂಗಸರ ಸಾಲು ಉದ್ದವಾಗುತ್ತದೆ. ಸೀಸನ್ ಶುರುವಾದಾಗಿನಿಂದ ಮುಂದೂಡಿದ ತೊಂದರೆಗಳೆಲ್ಲ ಒಟ್ಟಿಗೆ ಬರುತ್ತವೆ. ಅಂಥ ಒಂದು ಮಧ್ಯಾಹ್ನ ನಲವತ್ತೆರಡು ವರ್ಷದ ಒಬ್ಬರು ಬಂದರು. ಗುರುತು ಸಿಗಬಾರದು ಅಂತ ಕೆಲವು ವಿವರ ಬದಲಿಸಿದ್ದೇನೆ. ಅವರು ಬಂದಿದ್ದು ತಮಗಾಗಿ ಅಲ್ಲ, ಬಸುರಿ ಮಗಳ ಜೊತೆಗೆ. ನಾನು ಮಗಳ ಬಿಪಿ ನೋಡುತ್ತಿದ್ದರೆ ಅಮ್ಮ ಪಕ್ಕದಲ್ಲಿ ಕೂತು, ಬ್ಯಾಗಿನಿಂದ ನಾಲ್ಕು ನಾಲ್ಕು ಕಾಳು ಹಸಿ ಅಕ್ಕಿ ತೆಗೆದು ಬಾಯಿಗೆ ಹಾಕಿಕೊಳ್ಳುತ್ತಿದ್ದರು.

"ಅಕ್ಕಿ ಎಷ್ಟು ದಿನದಿಂದ ತಿಂತಿದ್ದೀರಮ್ಮ?" ಅಂತ ಕೇಳಿದೆ. ಅವರು ನಾಚಿಕೊಂಡು ಬ್ಯಾಗ್ ಮುಚ್ಚಿದರು. ಮಗಳೇ ಹೇಳಿದಳು: "ಎರಡು ವರ್ಷ ಆಯ್ತು ಮೇಡಂ. ಎಷ್ಟು ಬೈದ್ರೂ ಬಿಡಲ್ಲ."

ಹಸಿ ಅಕ್ಕಿ, ಬಳಪ, ಮಣ್ಣು, ಐಸ್ ತಿನ್ನಬೇಕು ಅನ್ನಿಸುವುದನ್ನು ಮನೆಯವರು ಚಟ ಅಂದುಕೊಳ್ಳುತ್ತಾರೆ. ಬಹಳ ಸಲ ಅದು ಮೈಯಲ್ಲಿ ಕಬ್ಬಿಣದ ಅಂಶ ಖಾಲಿಯಾಗಿದೆ ಅನ್ನುವುದರ ಲಕ್ಷಣ. ಅವರ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದೆ. ಕೆಂಪು ಇರಬೇಕಾದ ಕಡೆ ಬಿಳುಚಿಕೊಂಡಿತ್ತು. ರಕ್ತಪರೀಕ್ಷೆ ಮಾಡಿಸಿದರೆ ಹಿಮೋಗ್ಲೋಬಿನ್ 5.8. ಬಸುರಿಯಲ್ಲದ ಹೆಂಗಸಿಗೆ ಕಡಿಮೆ ಅಂದರೂ 12 ಇರಬೇಕು. 8ಕ್ಕಿಂತ ಕೆಳಗೆ ಹೋದರೆ ಅದು ತೀವ್ರ ರಕ್ತಹೀನತೆ.

"ತಿಂಗಳ ಮುಟ್ಟು ಹೇಗೆ ಆಗುತ್ತೆ?"

"ಮಾಮೂಲಿ."

"ಎಷ್ಟು ದಿನ?"

"ಒಂಬತ್ತು, ಹತ್ತು."

"ರಾತ್ರಿ ಬಟ್ಟೆ ಬದಲಾಯಿಸೋಕೆ ಏಳ್ತೀರಾ?"

"ಎರಡು ಸಲ ಏಳ್ಬೇಕು. ನಮ್ಮನೇಲಿ ಎಲ್ಲರಿಗೂ ಹೀಗೇ ಮೇಡಂ. ಅಮ್ಮನಿಗೂ ಹೀಗೇ ಇತ್ತು, ಅಕ್ಕನಿಗೂ ಹೀಗೇ."

ಈ ಮಾತನ್ನು ನಾನು ವಾರದಲ್ಲಿ ಎಷ್ಟು ಸಲ ಕೇಳುತ್ತೇನೋ ಲೆಕ್ಕವಿಲ್ಲ. ಮನೆಯಲ್ಲಿ ಎಲ್ಲರಿಗೂ ಇದೆ ಅಂದ ಮಾತ್ರಕ್ಕೆ ಅದು ಸರಿ ಅಂತ ಆಗುವುದಿಲ್ಲ. ಗರ್ಭಕೋಶದ ಗಡ್ಡೆ, ಅಂದರೆ ಫೈಬ್ರಾಯ್ಡ್, ಅಮ್ಮನಿಗೆ ಇದ್ದರೆ ಮಗಳಿಗೆ ಬರುವ ಸಾಧ್ಯತೆ ಜಾಸ್ತಿ. ರಕ್ತ ಸರಿಯಾಗಿ ಹೆಪ್ಪುಗಟ್ಟದ ಕೆಲವು ಕಾಯಿಲೆಗಳೂ ವಂಶದಲ್ಲಿ ಹರಿದು ಬರುತ್ತವೆ. ಹಾಗಾಗಿ "ಎಲ್ಲರಿಗೂ ಹೀಗೇ" ಅಂದ ಕೂಡಲೇ ನಾನು ಇನ್ನಷ್ಟು ಪ್ರಶ್ನೆ ಕೇಳುತ್ತೇನೆ.

ಹಾಗಾದರೆ ಯಾವುದು ಸರಿ? ಒಂದು ಮುಟ್ಟಿನ ಮೊದಲ ದಿನದಿಂದ ಮುಂದಿನ ಮುಟ್ಟಿನ ಮೊದಲ ದಿನದವರೆಗೆ ಎಣಿಸಿ. 24ರಿಂದ 38 ದಿನದೊಳಗೆ ಇದ್ದರೆ ಸರಿ. ಎಲ್ಲರಿಗೂ 28ಕ್ಕೇ ಆಗಬೇಕು ಅಂತೇನಿಲ್ಲ. ರಕ್ತ ಹೋಗುವುದು 8 ದಿನ ದಾಟಬಾರದು. ಎಷ್ಟು ಹೋಗುತ್ತದೆ ಅಂತ ಯಾರೂ ಅಳೆದು ನೋಡಲು ಆಗುವುದಿಲ್ಲ, ಅದಕ್ಕೆ ಬೇರೆ ಗುರುತುಗಳಿವೆ. ಒಂದೆರಡು ಗಂಟೆಗೆ ಪ್ಯಾಡ್ ಪೂರ್ತಿ ನೆನೆಯುತ್ತದಾ? ಎರಡು ಪ್ಯಾಡ್ ಒಟ್ಟಿಗೆ ಇಟ್ಟುಕೊಳ್ಳಬೇಕಾ? ಒಂದು ರೂಪಾಯಿ ನಾಣ್ಯಕ್ಕಿಂತ ದೊಡ್ಡ ಹೆಪ್ಪು ಬೀಳುತ್ತದಾ? ಆ ದಿನಗಳಲ್ಲಿ ಮದುವೆ ಮನೆಗೆ, ಬಸ್ಸಿನ ಪ್ರಯಾಣಕ್ಕೆ ಹೆದರಿಕೆ ಆಗುತ್ತದಾ? ಇದರಲ್ಲಿ ಒಂದಕ್ಕೆ ಹೌದು ಅಂದರೂ ಬಂದು ತೋರಿಸಿ.

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತು 2019ರಿಂದ 21ರವರೆಗೆ ನಡೆಯಿತು. ಅದರ ಪ್ರಕಾರ ದೇಶದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ನೂರಕ್ಕೆ 57 ಜನರಿಗೆ ರಕ್ತಹೀನತೆ. ಕರ್ನಾಟಕದಲ್ಲಿ ಸುಮಾರು 48. ಅಂದರೆ ನಮ್ಮಲ್ಲಿ ಹೆಚ್ಚುಕಡಿಮೆ ಅರ್ಧಕ್ಕರ್ಧ ಹೆಂಗಸರು ಸುಸ್ತಿನಲ್ಲೇ ಅಡುಗೆ ಮಾಡುತ್ತಿದ್ದಾರೆ, ಸುಸ್ತಿನಲ್ಲೇ ಗದ್ದೆಗೆ, ಆಫೀಸಿಗೆ ಹೋಗುತ್ತಿದ್ದಾರೆ. ಸುಸ್ತು ಅಂದರೆ "ವಯಸ್ಸಾಯ್ತಲ್ವಾ" ಅನ್ನುತ್ತೇವೆ. ಮೂವತ್ತೈದಕ್ಕೆ ಎಂಥ ವಯಸ್ಸು? ಮೆಟ್ಟಿಲು ಹತ್ತಿದರೆ ಏದುಸಿರು, ಎದೆ ಡವಡವ, ತಲೆ ಕೂದಲು ಉದುರುವುದು, ಸುಮ್ನೆ ಸಿಟ್ಟು ಬರುವುದು. ಇದರ ಹಿಂದೆಲ್ಲ ರಕ್ತ ಕಡಿಮೆಯಾಗಿರಬಹುದು.

ಕಬ್ಬಿಣದ ಮಾತ್ರೆ ಬರೆದುಕೊಟ್ಟರೆ ಅರ್ಧ ಜನ ಹತ್ತು ದಿನಕ್ಕೆ ಬಿಟ್ಟುಬಿಡುತ್ತಾರೆ. ಮಲ ಕಪ್ಪಗಾಯ್ತು ಅಂತ ಹೆದರುತ್ತಾರೆ. ಅದು ಮಾತ್ರೆಯ ಬಣ್ಣ, ಹೆದರಬೇಡಿ. ಮಲಬದ್ಧತೆ, ಹೊಟ್ಟೆ ತೊಳಸುವುದು ಆದರೆ ದಿನ ಬಿಟ್ಟು ದಿನ ತೆಗೆದುಕೊಳ್ಳಬಹುದಾ ಅಂತ ಕೇಳಿ, ಆದರೆ ನಿಲ್ಲಿಸಬೇಡಿ. ಮಾತ್ರೆಯ ಮೇಲೆ ಕಾಫಿ, ಟೀ ಕುಡಿಯಬೇಡಿ. ಕನಿಷ್ಠ ಒಂದು ಗಂಟೆ ಬಿಡಿ. ನಿಂಬೆಹಣ್ಣಿನ ಪಾನಕದ ಜೊತೆ ತೆಗೆದುಕೊಂಡರೆ ಒಳ್ಳೆಯದು. ಕ್ಯಾಲ್ಸಿಯಂ ಮಾತ್ರೆಯನ್ನು ಇದರ ಜೊತೆಗೇ ನುಂಗಬೇಡಿ, ಬೇರೆ ಹೊತ್ತಿಗೆ ಇಟ್ಟುಕೊಳ್ಳಿ. ಹಿಮೋಗ್ಲೋಬಿನ್ ಸರಿಯಾದ ಮೇಲೂ ಸುಮಾರು ಮೂರು ತಿಂಗಳು ಮುಂದುವರಿಸಬೇಕು. ರಕ್ತ ತುಂಬಿದರೂ ಕಬ್ಬಿಣದ ದಾಸ್ತಾನು ತುಂಬಲು ಇನ್ನೂ ಸಮಯ ಬೇಕು. ಬೀಟ್‌ರೂಟ್ ಜ್ಯೂಸ್, ದಾಳಿಂಬೆ ತಿನ್ನಿ, ಬೇಡ ಅನ್ನುವುದಿಲ್ಲ. ಆದರೆ 5.8 ಇದ್ದವರಿಗೆ ಅದರಿಂದ ಆಗುವುದಿಲ್ಲ.

ಮುಖ್ಯವಾಗಿ, ಸೋರುವ ಕೊಡಕ್ಕೆ ನೀರು ತುಂಬಿ ಏನು ಪ್ರಯೋಜನ? ರಕ್ತ ಯಾಕೆ ಹೋಗುತ್ತಿದೆ ಅಂತ ಹುಡುಕಲೇಬೇಕು. ಸ್ಕ್ಯಾನಿಂಗ್, ಥೈರಾಯ್ಡ್ ಪರೀಕ್ಷೆ ಮಾಡಿಸುತ್ತೇವೆ. ನಲವತ್ತು ದಾಟಿದವರಿಗೆ ಅಗತ್ಯ ಇದ್ದರೆ ಗರ್ಭಕೋಶದ ಒಳಪದರದ ಚೂರು ತೆಗೆದು ಪರೀಕ್ಷೆಗೆ ಕಳಿಸುತ್ತೇವೆ. ಮೊದಲ ಮುಟ್ಟಿನಿಂದಲೇ ವಿಪರೀತ ರಕ್ತ ಹೋಗುವ ಹುಡುಗಿಗೆ, ಅದರಲ್ಲೂ ಹಲ್ಲು ತೆಗೆಸಿದಾಗ ರಕ್ತ ನಿಲ್ಲದೆ ಒದ್ದಾಡಿದ್ದರೆ, ರಕ್ತ ಹೆಪ್ಪುಗಟ್ಟುವ ಪರೀಕ್ಷೆ ಬೇಕು.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. "ಗರ್ಭಕೋಶ ತೆಗೆದುಬಿಡಿ ಮೇಡಂ, ಮಕ್ಕಳಾದ ಮೇಲೆ ಅದು ಯಾಕೆ ಬೇಕು" ಅಂತ ಹೆಂಗಸರೇ ಬಂದು ಕೇಳುತ್ತಾರೆ. ಮೂವತ್ತೆರಡು, ಮೂವತ್ತನಾಲ್ಕು ವರ್ಷದವರು ಕೇಳಿದಾಗ ನನಗೆ ನಿಜವಾಗಿ ಸಂಕಟವಾಗುತ್ತದೆ. ಮುಟ್ಟಿನ ದಿನ ರಕ್ತ ಕಡಿಮೆ ಮಾಡುವ ಮಾತ್ರೆಗಳಿವೆ. ಹಾರ್ಮೋನ್ ಮಾತ್ರೆಗಳಿವೆ. ಹಾರ್ಮೋನ್ ಇರುವ ಕಾಪರ್-ಟಿಯಂಥ ಸಾಧನವನ್ನು ಗರ್ಭಕೋಶದೊಳಗೆ ಇಟ್ಟರೆ ವರ್ಷಗಟ್ಟಲೆ ಮುಟ್ಟು ಕಡಿಮೆಯಾಗುತ್ತದೆ. ಆಪರೇಷನ್ ಕೊನೆಯದು. ಕೆಲವರಿಗೆ ಅದು ಬೇಕೇ ಬೇಕು, ಅವರಿಗೆ ನಾನೇ ಮಾಡುತ್ತೇನೆ. ಆದರೆ ಮುಟ್ಟು ನಿಲ್ಲುವ ವಯಸ್ಸಿಗೆ ಮೊದಲೇ ಅಂಡಾಶಯವನ್ನೂ ಸೇರಿಸಿ ತೆಗೆದರೆ ಮೂಳೆ ಸವೆಯುತ್ತದೆ, ಹೃದಯದ ಕಾಯಿಲೆಯ ಅಪಾಯವೂ ಹೆಚ್ಚುತ್ತದೆ. ಅನಗತ್ಯವಾಗಿ ಗರ್ಭಕೋಶ ತೆಗೆಯುವುದನ್ನು ತಡೆಯುವ ಮಾರ್ಗಸೂಚಿಯನ್ನು ಎಲ್ಲ ರಾಜ್ಯಗಳೂ ಜಾರಿಗೆ ತರಬೇಕು ಅಂತ 2023ರಲ್ಲಿ ಸುಪ್ರೀಂ ಕೋರ್ಟೇ ಹೇಳಬೇಕಾಯಿತು. ಯಾರಾದರೂ "ಹಾಗೇ ಬಿಟ್ಟರೆ ಕ್ಯಾನ್ಸರ್ ಆಗುತ್ತೆ" ಅಂತ ಹೆದರಿಸಿ ನಾಳೆಯೇ ಆಪರೇಷನ್ ಅಂದರೆ, ರಿಪೋರ್ಟ್ ಕೇಳಿ ತೆಗೆದುಕೊಳ್ಳಿ. ಇನ್ನೊಬ್ಬ ಡಾಕ್ಟರಿಗೆ ತೋರಿಸಿ. ಇದಕ್ಕೆ ಯಾವ ಒಳ್ಳೆಯ ಡಾಕ್ಟರೂ ಬೇಜಾರು ಮಾಡಿಕೊಳ್ಳುವುದಿಲ್ಲ.

ಇದಕ್ಕೆ ಉಲ್ಟಾ, ಸ್ವಲ್ಪವೇ ರಕ್ತ ಕಂಡರೂ ಓಡಿ ಬರಬೇಕಾದವರು ಮುಟ್ಟು ನಿಂತವರು. ಒಂದು ವರ್ಷ ಪೂರ್ತಿ ಮುಟ್ಟಾಗದಿದ್ದರೆ ನಿಂತಿದೆ ಅಂತ ಅರ್ಥ. ಆಮೇಲೆ ಒಂದು ಹನಿ ಕಂಡರೂ, ಒಂದೇ ದಿನ ಕಂಡರೂ ತೋರಿಸಬೇಕು. ಅರವತ್ತೊಂದು ವರ್ಷದ ಅಜ್ಜಿಯೊಬ್ಬರು "ಮತ್ತೆ ಮುಟ್ಟು ಶುರುವಾಯ್ತು ಡಾಕ್ಟ್ರಮ್ಮ, ಮೈಯಲ್ಲಿ ಇನ್ನೂ ಶಕ್ತಿ ಇದೆ ಅಂತ ಖುಷಿಪಟ್ಟೆ" ಅಂದಿದ್ದರು. ಎಂಟು ತಿಂಗಳಿನಿಂದ ಕಾಣುತ್ತಿತ್ತಂತೆ. ಹೀಗೆ ಬರುವ ಹತ್ತು ಜನರಲ್ಲಿ ಹೆಚ್ಚುಕಡಿಮೆ ಒಂಬತ್ತು ಜನರಿಗೆ ಒಳಪದರ ತೆಳುವಾಗಿರುವುದೋ, ಪಾಲಿಪ್ ಅನ್ನುವ ಸಣ್ಣ ಬೆಳವಣಿಗೆಯೋ, ಹೀಗೆ ಕ್ಯಾನ್ಸರ್ ಅಲ್ಲದ ಕಾರಣ ಇರುತ್ತದೆ. ಉಳಿದ ಒಬ್ಬರು ಯಾರು ಅಂತ ಪರೀಕ್ಷೆ ಮಾಡದೆ ಗೊತ್ತಾಗುವುದಿಲ್ಲ. ಈ ಅಜ್ಜಿಗೆ ಗರ್ಭಕೋಶದ ಕ್ಯಾನ್ಸರ್ ಇತ್ತು. ಪುಣ್ಯಕ್ಕೆ ಹೊರಗೆ ಹರಡಿರಲಿಲ್ಲ. ಆಪರೇಷನ್ ಆಯಿತು, ಈಗ ಚೆನ್ನಾಗಿದ್ದಾರೆ. ಗಂಡನ ಜೊತೆ ಸೇರಿದ ಮೇಲೆ ರಕ್ತ ಕಾಣುವುದು, ಎರಡು ಮುಟ್ಟಿನ ನಡುವೆ ಕಾಣುವುದು, ಇವನ್ನೂ ಹೀಗೆಯೇ ತಡಮಾಡದೆ ತೋರಿಸಬೇಕು.

ಬಿಳಿ ಸೆರಗಿನ ವಿಷಯಕ್ಕೆ ಬರುತ್ತೇನೆ. "ಮೂಳೆ ಕರಗಿ ಹೋಗ್ತಿದೆ" ಅನ್ನುವ ಭಯ ಹಳ್ಳಿಯಲ್ಲೂ ಇದೆ, ಬೆಂಗಳೂರಿನಲ್ಲೂ ಇದೆ. ಮೂಳೆ ಕರಗುವುದಿಲ್ಲ. ಎರಡು ಮುಟ್ಟಿನ ನಡುವೆ ಮೊಟ್ಟೆಯ ಬಿಳಿಯಂತೆ ಅಂಟಂಟಾಗಿ ಹೋಗುವುದು ಅಂಡ ಬಿಡುಗಡೆಯಾಗುವ ಹೊತ್ತಿನ ಲಕ್ಷಣ, ಆರೋಗ್ಯದ್ದೇ. ಮೊಸರು ಒಡೆದಂತಿದ್ದು ತುರಿಕೆ ಇದ್ದರೆ ಫಂಗಸ್ ಇರಬಹುದು. ಮತ್ತೆ ಮತ್ತೆ ಹಾಗಾದರೆ ಶುಗರ್ ನೋಡಿಸಿ. ಮೀನಿನ ವಾಸನೆ, ಹಸಿರು ಬಣ್ಣ, ಕೆಳಹೊಟ್ಟೆ ನೋವು, ಜ್ವರ ಇದ್ದರೆ ಡಾಕ್ಟರ್ ನೋಡಲೇಬೇಕು. ಕೆಲವು ಸೋಂಕುಗಳಿಗೆ ಗಂಡನಿಗೂ ಮಾತ್ರೆ ಬೇಕು, ಇಲ್ಲದಿದ್ದರೆ ಹೆಂಡತಿಗೆ ಮತ್ತೆ ಬರುತ್ತದೆ. ಒಳಗೆ ಸೋಪು, ಡೆಟಾಲ್ ಹಾಕಿ ತೊಳೆಯಬೇಡಿ. ಅದರಿಂದ ಸೋಂಕು ಹೆಚ್ಚುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ.

ಹಬ್ಬ, ಮದುವೆ ಬಂತು ಅಂದರೆ ಮೆಡಿಕಲ್ ಶಾಪಿನಿಂದ ಮುಟ್ಟು ಮುಂದೂಡುವ ಮಾತ್ರೆ ತರಿಸಿಕೊಳ್ಳುವವರು ತುಂಬಾ ಜನ. ಅಪರೂಪಕ್ಕೆ ಒಮ್ಮೆ ಆದರೆ ಹೆಚ್ಚಿನವರಿಗೆ ತೊಂದರೆ ಆಗುವುದಿಲ್ಲ. ಆದರೆ ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿದವರು, ಲಿವರ್ ತೊಂದರೆ ಇರುವವರು ಕೇಳದೆ ತೆಗೆದುಕೊಳ್ಳಬಾರದು. ಬಸುರಿಲ್ಲ ಅನ್ನುವುದೂ ಖಾತ್ರಿಯಾಗಬೇಕು.

ಮುಟ್ಟಿನ ನೋವಿಗೆ ಮೊದಲ ದಿನ ಒಂದು ಮಾತ್ರೆ ಸಾಕಾದರೆ ಚಿಂತೆ ಇಲ್ಲ. ಕಾಲೇಜು ತಪ್ಪಿಸಿ ಮಲಗುವಷ್ಟು, ವರ್ಷ ವರ್ಷ ಹೆಚ್ಚಾಗುವಂಥ ನೋವು ಸಹಿಸಿಕೊಳ್ಳುವಂಥದ್ದಲ್ಲ. "ಮದುವೆಯಾದ ಮೇಲೆ ಸರಿಹೋಗುತ್ತೆ" ಅಂತ ದಯವಿಟ್ಟು ಹೇಳಬೇಡಿ.

ಏನೂ ತೊಂದರೆ ಇಲ್ಲದಿದ್ದರೂ ಮೂವತ್ತರ ನಂತರ ಗರ್ಭಕೋಶದ ಬಾಯಿಯ ಪರೀಕ್ಷೆ ಮಾಡಿಸಿ. ಐದು ನಿಮಿಷದ ಕೆಲಸ. ಅದೇ ಐದನೇ ಸಮೀಕ್ಷೆಯಲ್ಲಿ, ಈ ಪರೀಕ್ಷೆ ಒಮ್ಮೆಯಾದರೂ ಮಾಡಿಸಿಕೊಂಡವರು ದೇಶದಲ್ಲಿ ನೂರಕ್ಕೆ ಇಬ್ಬರೂ ಇರಲಿಲ್ಲ. ಇದು ಮೊದಲೇ ಹಿಡಿಯಬಹುದಾದ ಕ್ಯಾನ್ಸರ್. ಒಂಬತ್ತರಿಂದ ಹದಿನಾಲ್ಕು ವರ್ಷದ ಹೆಣ್ಣುಮಕ್ಕಳಿಗೆ ಈ ಕ್ಯಾನ್ಸರ್ ತಡೆಯುವ ಎಚ್‌ಪಿವಿ ಲಸಿಕೆಯನ್ನೂ ಕೊಡಿಸಿ.

ಮದುವೆಯಾಗದ ಹುಡುಗಿಯರನ್ನು ಕರೆತರಲು ಅಮ್ಮಂದಿರು ಹಿಂಜರಿಯುತ್ತಾರೆ, ಒಳಗಿನ ಪರೀಕ್ಷೆ ಮಾಡಿಬಿಡುತ್ತಾರೆ ಅಂತ. ಸಾಮಾನ್ಯವಾಗಿ ಹಾಗೆ ಮಾಡುವುದಿಲ್ಲ. ನೀರು ಕುಡಿಸಿ ಹೊಟ್ಟೆಯ ಮೇಲಿನಿಂದಲೇ ಸ್ಕ್ಯಾನ್ ಮಾಡಬಹುದು. ಯಾರಿಗೇ ಆಗಲಿ, ಒಪ್ಪಿಗೆ ಕೇಳದೆ ಮುಟ್ಟಬಾರದು. ಜೊತೆಗೆ ನರ್ಸ್ ಇರಲಿ ಅಂತ ನೀವು ಕೇಳಬಹುದು. ಬರುವಾಗ ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಮೂರು ತಿಂಗಳು ಗುರುತು ಹಾಕಿದ್ದನ್ನು ತನ್ನಿ. ಮುಟ್ಟು ಶುರುವಾದ ದಿನ, ನಿಂತ ದಿನ, ದಿನಕ್ಕೆ ಎಷ್ಟು ಪ್ಯಾಡ್. ಆದರೆ ಪ್ಯಾಡ್ ಗಂಟೆಗೊಂದು ನೆನೆಯುತ್ತಿದ್ದರೆ, ತಲೆ ಸುತ್ತುತ್ತಿದ್ದರೆ, ಕ್ಯಾಲೆಂಡರ್ ತುಂಬುವವರೆಗೆ ಕಾಯಬೇಡಿ. ಮುಟ್ಟಿನ ದಿನವೇ ಬನ್ನಿ. ಆ ದಿನ ಆಸ್ಪತ್ರೆಗೆ ಬರಬಾರದು ಅಂತ ಏನಿಲ್ಲ.

ಅಕ್ಕಿ ತಿನ್ನುತ್ತಿದ್ದ ಆ ಅಮ್ಮನಿಗೆ ಗರ್ಭಕೋಶದ ಒಳಗೆ ಚಾಚಿದ್ದ ಸಣ್ಣ ಗಡ್ಡೆ ಇತ್ತು. ಮೊದಲು ರಕ್ತ ಕೊಟ್ಟು, ಆಮೇಲೆ ಡ್ರಿಪ್ಪಿನಲ್ಲಿ ಕಬ್ಬಿಣ ಕೊಟ್ಟು, ಆ ಗಡ್ಡೆಯನ್ನಷ್ಟೇ ಕ್ಯಾಮೆರಾ ಹಾಕಿ ತೆಗೆದೆವು. ಗರ್ಭಕೋಶ ಹಾಗೇ ಇದೆ. ಅಕ್ಕಿಯ ಆಸೆ ಯಾವಾಗ ಹೋಯಿತು ಅಂತ ಅವರಿಗೇ ನೆನಪಿಲ್ಲ. ಮೂರು ತಿಂಗಳಿಗೆ ಕ್ಯಾಲೆಂಡರ್ ಹಾಳೆ ಮಡಚಿಕೊಂಡು ಬಂದರು. ಹಿಮೋಗ್ಲೋಬಿನ್ 11.4 ಆಗಿತ್ತು. ಈ ಸಲ ಅಕ್ಕನನ್ನೂ ಕರೆದುಕೊಂಡು ಬಂದಿದ್ದರು. "ಇವಳದ್ದೂ ನೋಡಿ ಮೇಡಂ" ಅಂದರು. ಅಕ್ಕನದು 7.2 ಇತ್ತು.