ಫ್ರಾನ್ಸ್‌ಗಾಗಿ ಕಾದಾಡಿದವರು ಯಾರ್ಯಾರು?

1944ರ ಆಗಸ್ಟ್ 24ರ ರಾತ್ರಿ, ನಾಲ್ಕು ವರ್ಷ ಜರ್ಮನ್ನರ ವಶದಲ್ಲಿದ್ದ ಪ್ಯಾರಿಸ್‌ನ ಪುರಭವನದ ಮುಂದೆ ಮಿತ್ರಪಡೆಯ ಮೊದಲ ತುಕಡಿ ಬಂದು ನಿಂತಿತು. ಆ ತುಕಡಿಯ ವಾಹನಗಳ ಮೇಲೆ ಗ್ವಾದಲಹಾರಾ, ತೆರುಯೆಲ್, ಎಬ್ರೊ ಅಂತ ಹೆಸರು ಬರೆದಿತ್ತು. ಇವು ಸ್ಪೇನ್ ಅಂತರ್ಯುದ್ಧದ ರಣಭೂಮಿಗಳು. ವಾಹನಗಳಲ್ಲಿದ್ದವರಲ್ಲಿ ಹೆಚ್ಚಿನವರು ಸ್ಪೇನಿನವರೇ. ಆ ಯುದ್ಧದಲ್ಲಿ ಸರ್ವಾಧಿಕಾರಿ ಫ್ರಾಂಕೊ ಎದುರು ಸೋತು 1939ರಲ್ಲಿ ಊರು ಬಿಟ್ಟಿದ್ದವರು.

ಮರುದಿನ ಅದೇ ಪುರಭವನದಲ್ಲಿ, ಫ್ರಾನ್ಸಿನ ಹೊರಗಿನಿಂದ ಹೋರಾಟ ಮುನ್ನಡೆಸಿದ್ದ ಜನರಲ್ ಷಾರ್ಲ್ ದ ಗಾಲ್ ಭಾಷಣ ಮಾಡಿದರು. ಪ್ಯಾರಿಸ್ ತನ್ನನ್ನು ತಾನೇ ಬಿಡಿಸಿಕೊಂಡಿದೆ, ತನ್ನ ಜನರಿಂದ, ಫ್ರೆಂಚ್ ಸೇನೆಯ ನೆರವಿನಿಂದ ಎಂದರು. ಸ್ಪೇನಿನವರ ಮಾತೇ ಬರಲಿಲ್ಲ. ಸೋತು ಕುಗ್ಗಿದ್ದ ದೇಶಕ್ಕೆ ಅಂದು ಆ ಮಾತು ಬೇಕಿತ್ತು, ಒಪ್ಪೋಣ. ಆದರೆ ಅದರಲ್ಲಿ ಬಿಟ್ಟುಹೋದವರ ಪಟ್ಟಿ ಬಹಳ ಉದ್ದ.

ಕಥೆ ಶುರುವಾಗುವುದು 1940ರ ಮೇ 10ರಿಂದ. ಅಂದು ಜರ್ಮನಿ ಪಶ್ಚಿಮಕ್ಕೆ ನುಗ್ಗಿತು. ಜೂನ್ 14ಕ್ಕೆ ಪ್ಯಾರಿಸ್ ಕೈಬಿಟ್ಟಿತು. ಲಕ್ಷಾಂತರ ಜನ ಗಂಟುಮೂಟೆ ಕಟ್ಟಿಕೊಂಡು ದಕ್ಷಿಣಕ್ಕೆ ಓಡುತ್ತಿದ್ದರು. ಅಧಿಕಾರ ಮಾರ್ಷಲ್ ಪೆತಾಂ ಕೈಗೆ ಬಂತು. ಮೊದಲ ಮಹಾಯುದ್ಧದಲ್ಲಿ ವರ್ದಂ ಉಳಿಸಿದ ವೀರ, ವಯಸ್ಸು 84. ಹೋರಾಟ ನಿಲ್ಲಿಸಬೇಕು ಎಂದು ಜೂನ್ 17ರಂದು ಅವರು ರೇಡಿಯೊದಲ್ಲಿ ಹೇಳಿದಾಗ ಬಹಳ ಮಂದಿ ಅತ್ತರು, ಆದರೆ ಜತೆಗೆ ನಿಟ್ಟುಸಿರನ್ನೂ ಬಿಟ್ಟರು. ಈ ನಿಟ್ಟುಸಿರನ್ನು ಮರೆತರೆ ಮುಂದಿನ ನಾಲ್ಕು ವರ್ಷ ಅರ್ಥವಾಗುವುದೇ ಇಲ್ಲ. ಜೂನ್ 22ಕ್ಕೆ ಕದನವಿರಾಮ ಒಪ್ಪಂದವಾಯಿತು. 1918ರಲ್ಲಿ ಜರ್ಮನಿ ಸೋಲೊಪ್ಪಿ ಸಹಿ ಹಾಕಿದ್ದ ರೈಲು ಬೋಗಿಯನ್ನೇ ತರಿಸಿ, ಅದರಲ್ಲೇ ಫ್ರಾನ್ಸ್ ಕೈಯಲ್ಲಿ ಸಹಿ ಹಾಕಿಸಿದ ಹಿಟ್ಲರ್. ಉತ್ತರ ಭಾಗ, ಅಟ್ಲಾಂಟಿಕ್ ಕರಾವಳಿ ಜರ್ಮನ್ನರಿಗೆ. ಉಳಿದದ್ದು ವಿಶಿ ಎಂಬ ಊರಿನಿಂದ ನಡೆಯುವ ಪೆತಾಂ ಸರ್ಕಾರಕ್ಕೆ.

ದ ಗಾಲ್‌ಗೆ ಆಗ 49 ವರ್ಷ. ಉಪಮಂತ್ರಿಯಾಗಿ ಎರಡು ವಾರವೂ ಆಗಿರಲಿಲ್ಲ. ಜೂನ್ 17ರಂದು ಬ್ರಿಟಿಷ್ ವಿಮಾನ ಹತ್ತಿ ಲಂಡನ್‌ಗೆ ಹೋದರು. ಮರುದಿನ ಸಂಜೆ ಬಿಬಿಸಿಯಲ್ಲಿ ಮಾತಾಡಿ, ನಾವು ಸೋತಿರುವುದು ಒಂದು ಕಾಳಗ ಅಷ್ಟೇ, ಇದು ಇಡೀ ಜಗತ್ತಿನ ಯುದ್ಧ, ಬನ್ನಿ ನನ್ನ ಜತೆ ಎಂಬ ಧಾಟಿಯಲ್ಲಿ ಕರೆ ಕೊಟ್ಟರು. ಇಂದು ಫ್ರಾನ್ಸಿನ ಮಕ್ಕಳೆಲ್ಲ ಶಾಲೆಯಲ್ಲಿ ಓದುವ ಆ ಭಾಷಣವನ್ನು ಅಂದು ಕೇಳಿದವರು ತೀರಾ ಕಡಿಮೆ. ಬಿಬಿಸಿ ಅದನ್ನು ರೆಕಾರ್ಡ್ ಕೂಡ ಮಾಡಿಕೊಳ್ಳಲಿಲ್ಲ. ಆಗಸ್ಟ್‌ನಲ್ಲಿ ವಿಶಿಯ ಸೇನಾ ನ್ಯಾಯಾಲಯ ದ ಗಾಲ್‌ಗೆ ಮರಣದಂಡನೆ ವಿಧಿಸಿತು.

ಕರೆಗೆ ಓಗೊಟ್ಟು ಬಂದವರೆಷ್ಟು? ಮೊದಲಲ್ಲಿ ಬೆರಳೆಣಿಕೆಯಷ್ಟು. ಬ್ರಿಟನಿ ಕರಾವಳಿಯ ಸೇನ್ ಎಂಬ ಪುಟ್ಟ ದ್ವೀಪದಿಂದ ನೂರಕ್ಕೂ ಹೆಚ್ಚು ಮೀನುಗಾರರು ದೋಣಿ ಹತ್ತಿ ಇಂಗ್ಲೆಂಡ್ ಸೇರಿದರು. ಫ್ರಾನ್ಸಿನ ಕಾಲು ಭಾಗ ಅಂದರೆ ಸೇನ್ ದ್ವೀಪವೇನಾ ಎಂದು ದ ಗಾಲ್ ಕೇಳಿದರಂತೆ. ಆದರೆ ಇಂಗ್ಲೆಂಡಿನಲ್ಲಿ ಸಿಕ್ಕಿಕೊಂಡಿದ್ದ ಫ್ರೆಂಚ್ ಸೈನಿಕರಲ್ಲಿ ಹೆಚ್ಚಿನವರು ಊರಿಗೆ ಮರಳಿದರು. ಜುಲೈ 3ರಂದು ಬ್ರಿಟಿಷ್ ನೌಕಾಪಡೆ ಅಲ್ಜೀರಿಯಾದ ಮೆರ್ಸ್ ಎಲ್ ಕೆಬೀರ್‌ನಲ್ಲಿ ಫ್ರೆಂಚ್ ಹಡಗುಗಳ ಮೇಲೆಯೇ ಗುಂಡು ಹಾರಿಸಿತು. ಹಡಗುಗಳು ಹಿಟ್ಲರ್ ಕೈಗೆ ಸಿಗಬಾರದು ಎಂಬ ಲೆಕ್ಕ. ಸುಮಾರು 1,300 ನಾವಿಕರು ಸತ್ತರು. ಇದಾದ ಮೇಲೆ ಬ್ರಿಟಿಷರ ಪಕ್ಕ ನಿಂತು ಹೋರಾಡಿ ಎಂದು ಯಾರನ್ನಾದರೂ ಒಪ್ಪಿಸುವುದು ಸುಲಭವೇ?

ಲಂಡನ್‌ನಲ್ಲಿ ಒಂದು ಕಚೇರಿ, ಒಂದು ಮೈಕ್. ಕಾಲಿಡಲು ಸ್ವಂತ ನೆಲ ಇಲ್ಲ. ಆ ನೆಲ ಕೊಟ್ಟದ್ದು ಆಫ್ರಿಕಾ. ಚಾಡ್‌ನ ಗವರ್ನರ್ ಫೆಲಿಕ್ಸ್ ಎಬೂಯೆ ದಕ್ಷಿಣ ಅಮೆರಿಕದ ಫ್ರೆಂಚ್ ಗಯಾನಾದಲ್ಲಿ ಹುಟ್ಟಿದ ಕಪ್ಪು ಅಧಿಕಾರಿ, ಗುಲಾಮರ ಸಂತತಿ. ಅವರು 1940ರ ಆಗಸ್ಟ್ 26ರಂದು ನಾವು ದ ಗಾಲ್ ಕಡೆ ಎಂದು ಘೋಷಿಸಿದರು. ಎರಡೇ ದಿನದಲ್ಲಿ ಕ್ಯಾಮರೂನ್, ಕಾಂಗೊ ಕೂಡ ಬಂದವು. ದ ಗಾಲ್ ಕಟ್ಟಿದ ಈ ಮುಕ್ತ ಫ್ರಾನ್ಸಿಗೆ ರಾಜಧಾನಿ ಅಂತ ಆದದ್ದು ಕಾಂಗೊ ನದಿ ದಂಡೆಯ ಬ್ರಾಜಾವಿಲ್. ಮೊದಲ ವರ್ಷಗಳಲ್ಲಿ ಈ ಸೇನೆಯ ದೊಡ್ಡ ಪಾಲು ಆಫ್ರಿಕಾದ ಹುಡುಗರೇ. 1942ರಲ್ಲಿ ಲಿಬಿಯಾದ ಮರಳುಗಾಡಿನ ಬೀರ್ ಹಕೀಮ್‌ನಲ್ಲಿ ಸುಮಾರು 3,700 ಮಂದಿ ಎರಡು ವಾರ ಜರ್ಮನ್ ಸೇನಾನಿ ರೊಮ್ಮೆಲ್ ಪಡೆಯನ್ನು ತಡೆದು ನಿಂತರು. ಅವರಲ್ಲಿ ಆಫ್ರಿಕನ್ನರು, ಪೆಸಿಫಿಕ್ ದ್ವೀಪದವರು, ಎಲ್ಲೆಲ್ಲಿಂದಲೋ ಬಂದು ವಿದೇಶಿ ದಳ ಸೇರಿದವರು ಇದ್ದರು.

ನಮ್ಮ ಪಕ್ಕದ ಪಾಂಡಿಚೇರಿ, ಮಾಹೆ ಕೂಡ 1940ರ ಸೆಪ್ಟೆಂಬರ್‌ನಲ್ಲೇ ದ ಗಾಲ್ ಕಡೆ ಸೇರಿದವು. ಗವರ್ನರ್ ಬೊನ್ವಾಂ ಆ ತೀರ್ಮಾನ ತೆಗೆದುಕೊಂಡರು. ಸುತ್ತ ಬ್ರಿಟಿಷ್ ಭಾರತ ಇರುವಾಗ ಬೇರೆ ದಾರಿಯೂ ಇರಲಿಲ್ಲ ಅನ್ನಿ. ಫ್ರಾನ್ಸಿನ ಬಿಡುಗಡೆಗೆ ಕಹಳೆ ಊದುತ್ತಿದ್ದ ಅದೇ ಲಂಡನ್, 1942ರ ಆಗಸ್ಟ್‌ನಲ್ಲಿ ಬಿಟ್ಟು ತೊಲಗಿ ಎಂದ ನಮ್ಮವರನ್ನು ಜೈಲಿಗೆ ತಳ್ಳುತ್ತಿತ್ತು.

ಇನ್ನು ಫ್ರಾನ್ಸಿನ ಒಳಗೇ ಇದ್ದು ಹೋರಾಡಿದವರ ಕಥೆ. ಷಾರ್ತ್ರ್ ಊರು ಕೇಂದ್ರವಾಗಿದ್ದ ಜಿಲ್ಲೆಗೆ ಆಗ ಜಾಂ ಮೂಲಾಂ ಎಂಬುವರು ಪ್ರಿಫೆಕ್ಟ್, ನಮ್ಮ ಜಿಲ್ಲಾಧಿಕಾರಿ ಥರ. 1940ರ ಜೂನ್ 17ರಂದು ಜರ್ಮನ್ ಅಧಿಕಾರಿಗಳು ಅವರ ಮುಂದೆ ಒಂದು ಕಾಗದ ಇಟ್ಟರು. ಫ್ರೆಂಚ್ ಸೇನೆಯ ಸೆನೆಗಲ್ ಸೈನಿಕರು ಹೆಂಗಸರು, ಮಕ್ಕಳನ್ನು ಹಾಳುಮಾಡಿ ಕೊಂದರು ಅಂತ ಅದರಲ್ಲಿತ್ತು. ಸತ್ತವರು ನಿಜವಾಗಿ ಸತ್ತದ್ದು ಬಾಂಬ್ ದಾಳಿಯಲ್ಲಿ. ಮೂಲಾಂ ಸಹಿ ಹಾಕಲಿಲ್ಲ. ಗಂಟೆಗಟ್ಟಲೆ ಹೊಡೆದರು. ರಾತ್ರಿ ಒಬ್ಬ ಸೆನೆಗಲ್ ಸೈನಿಕನ ಜತೆಗೇ ಕೂಡಿಹಾಕಿದರು. ಬೆಳಗಾದರೆ ಸಹಿ ಹಾಕಿಬಿಡುತ್ತೇನೇನೋ ಎಂದು ಹೆದರಿ, ನೆಲದ ಮೇಲಿದ್ದ ಗಾಜಿನ ಚೂರಿನಿಂದ ಮೂಲಾಂ ತಮ್ಮ ಕತ್ತನ್ನೇ ಕೊಯ್ದುಕೊಂಡರು. ಹೇಗೋ ಬದುಕಿದರು. ಅವರು ಕತ್ತಿಗೆ ಶಾಲು ಸುತ್ತಿಕೊಂಡಿರುವ ಫೋಟೊ ಇಂದು ಫ್ರಾನ್ಸಿನಲ್ಲಿ ಎಲ್ಲರಿಗೂ ಗೊತ್ತು, ಆದರೆ ಅದು ಈ ಘಟನೆಗೂ ಮೊದಲೇ ತೆಗೆದದ್ದು.

ವಿಶಿ ಸರ್ಕಾರ ಅವರನ್ನು ಕೆಲಸದಿಂದ ತೆಗೆಯಿತು. ಅವರು 1941ರಲ್ಲಿ ಲಂಡನ್ ಸೇರಿ ದ ಗಾಲ್‌ರನ್ನು ಕಂಡರು. 1942ರ ಜನವರಿ ಮೊದಲಲ್ಲೇ ಪ್ಯಾರಾಚೂಟ್‌ನಲ್ಲಿ ಫ್ರಾನ್ಸಿಗೆ ವಾಪಸ್. ಚದುರಿಹೋಗಿದ್ದ ಗುಂಪುಗಳನ್ನು ಒಂದು ಮಾಡುವುದು ಅವರ ಕೆಲಸ. ಅದು ಸುಲಭವಿರಲಿಲ್ಲ. ಗುಟ್ಟಾಗಿ ಪತ್ರಿಕೆ ಅಚ್ಚು ಹಾಕುವವರು, ರೈಲು ಹಳಿ ಕೀಳುವವರು, ಕಮ್ಯುನಿಸ್ಟರು, ಕ್ಯಾಥೊಲಿಕರು, ಒಬ್ಬರಿಗೊಬ್ಬರು ನಂಬುತ್ತಿರಲಿಲ್ಲ. ಪ್ರಾಣ ಪಣಕ್ಕಿಟ್ಟಿರುವುದು ನಾವು, ಲಂಡನ್‌ನಲ್ಲಿ ಕೂತವರು ಅಪ್ಪಣೆ ಕೊಡೋದೇನು ಅನ್ನುವ ಸಿಟ್ಟು ಬೇರೆ. ಆದರೂ 1943ರ ಮೇ 27ರಂದು ಪ್ಯಾರಿಸ್‌ನ ಒಂದು ಫ್ಲಾಟ್‌ನಲ್ಲಿ ಎಂಟು ಸಂಘಟನೆ, ಆರು ಪಕ್ಷ, ಎರಡು ಕಾರ್ಮಿಕ ಸಂಘಗಳ ಪ್ರತಿನಿಧಿಗಳು ಕೂತು ದ ಗಾಲ್‌ರನ್ನು ಬೆಂಬಲಿಸಿದರು. ಅಮೆರಿಕದ ರೂಸ್‌ವೆಲ್ಟ್ ಅವರಿಗೆ ದ ಗಾಲ್ ಕಂಡರೆ ಆಗುತ್ತಿರಲಿಲ್ಲ. ಅವರ ಬದಲು ಇನ್ನೊಬ್ಬ ಫ್ರೆಂಚ್ ಸೇನಾನಿ ಜನರಲ್ ಜಿರೋ ಅವರನ್ನು ಮುಂದೆ ತರಲು ನೋಡುತ್ತಿದ್ದರು. ಆ ಆಟ ಕೆಡಿಸಿದ್ದು ಈ ಸಭೆ. ಒಂದು ತಿಂಗಳೂ ಆಗಲಿಲ್ಲ, ಜೂನ್ 21ರಂದು ಲಿಯಾನ್ ಬಳಿ ಮೂಲಾಂ ಸಿಕ್ಕಿಬಿದ್ದರು. ಜರ್ಮನ್ನರ ಗುಪ್ತ ಪೊಲೀಸ್ ಪಡೆ ಗೆಸ್ಟಾಪೊದ ಕ್ಲೌಸ್ ಬಾರ್ಬಿ ಕೈಯಲ್ಲಿ ಚಿತ್ರಹಿಂಸೆ ತಿಂದೂ ಬಾಯಿ ಬಿಡದೆ ಪ್ರಾಣ ಬಿಟ್ಟರು. ಹಿಡಿದುಕೊಟ್ಟವರು ಯಾರು ಎಂಬ ಜಗಳ ಇನ್ನೂ ಮುಗಿದಿಲ್ಲ.

ಅದೇ ಜೂನ್‌ನಲ್ಲಿ, ಒಂದು ರಾತ್ರಿ ಪುಟ್ಟ ವಿಮಾನದಲ್ಲಿ ಫ್ರಾನ್ಸಿನ ಹೊಲದಲ್ಲಿ ಇಳಿದವಳು ನೂರ್ ಇನಾಯತ್ ಖಾನ್. ಇವಳ ತಂದೆ, ಸೂಫಿ ಸಂಗೀತಗಾರ ಇನಾಯತ್ ಖಾನ್, ತಾಯಿಯ ಕಡೆಯಿಂದ ನಮ್ಮ ಟಿಪ್ಪು ಸುಲ್ತಾನನ ವಂಶದವರು. ಬೆಳೆದದ್ದು ಪ್ಯಾರಿಸ್ ಪಕ್ಕದ ಸ್ಯುರೇನ್‌ನಲ್ಲಿ. ವೀಣೆ ಗೊತ್ತಿತ್ತು, ಮಕ್ಕಳಿಗೆ ಜಾತಕ ಕಥೆ ಬರೆದಿದ್ದಳು. 1940ರಲ್ಲಿ ಮನೆಯವರ ಜತೆ ಇಂಗ್ಲೆಂಡಿಗೆ ತಪ್ಪಿಸಿಕೊಂಡು ಹೋಗಿ, ಬ್ರಿಟಿಷ್ ವಾಯುಪಡೆಯ ಮಹಿಳಾ ದಳದಲ್ಲಿ ವೈರ್‌ಲೆಸ್ ಕಲಿತು, ಆಮೇಲೆ ಗುಪ್ತಸೇವೆ ಸೇರಿದಳು. ಸೂಟ್‌ಕೇಸಿನೊಳಗೆ ಅಡಗಿಸಿದ ಭಾರದ ಯಂತ್ರ. ಹೊರಗೆ ಏರಿಯಲ್ ತಂತಿ ಕಟ್ಟದೆ ಸಂದೇಶ ಹೋಗದು. ಸ್ವಲ್ಪ ಹೊತ್ತು ಜಾಸ್ತಿ ಟಕಟಕಿಸಿದರೆ ಜರ್ಮನ್ನರ ಪತ್ತೆ ವ್ಯಾನ್ ಬೀದಿಗೇ ಬಂದುಬಿಡುತ್ತಿತ್ತು. ಒಮ್ಮೆ ಒಬ್ಬ ಜರ್ಮನ್ ಅಧಿಕಾರಿಯೇ, ಹುಡುಗಿ ಹಾಡು ಕೇಳಲು ತಂತಿ ಕಟ್ಟುತ್ತಿದ್ದಾಳೆ ಅಂದುಕೊಂಡು ಕಟ್ಟಿಕೊಟ್ಟನಂತೆ.

ಅವಳು ಬಂದ ಕೆಲವೇ ದಿನದಲ್ಲಿ ಅವಳ ಜಾಲದವರು ಸಾಲುಸಾಲಾಗಿ ಬಂಧನಕ್ಕೊಳಗಾದರು. ವಾಪಸ್ ಬಾ ಎಂದಿತು ಲಂಡನ್. ಪ್ಯಾರಿಸ್‌ನಲ್ಲಿ ತಾನು ಬಿಟ್ಟರೆ ಸಂದೇಶ ಕಳಿಸುವವರಿಲ್ಲ ಎಂದು ಅವಳು ಒಪ್ಪಲಿಲ್ಲ. ಅಕ್ಟೋಬರ್‌ನಲ್ಲಿ ಯಾರೋ ಹಿಡಿದುಕೊಟ್ಟರು. ಕಳಿಸಿದ ಸಂದೇಶಗಳನ್ನೆಲ್ಲ ಅವಳು ಪುಸ್ತಕದಲ್ಲಿ ಬರೆದಿಟ್ಟುಕೊಂಡಿದ್ದಳು. ಅದು ಜರ್ಮನ್ನರ ಕೈಸೇರಿ, ಅವಳ ಹೆಸರಲ್ಲೇ ಲಂಡನ್‌ಗೆ ಮೋಸದ ಸಂದೇಶ ಹೋದವು. ಅದನ್ನು ನಂಬಿ ಇಳಿದ ಕೆಲವರು ನೇರ ಜರ್ಮನ್ನರ ಕೈಗೇ ಸಿಕ್ಕರು. ಇದನ್ನು ಮುಚ್ಚಿಡಬೇಕಿಲ್ಲ. ಯಂತ್ರ ಒತ್ತುವುದು ಕಲಿಸಿ, ಉಳಿದದ್ದು ಅರೆಬರೆ ಕಲಿಸಿ ಕಳಿಸಿದವರ ಪಾಲೂ ಅದರಲ್ಲಿದೆ. ವಿಚಾರಣೆಯಲ್ಲಿ ಅವಳು ಯಾರ ಹೆಸರನ್ನೂ ಹೇಳಲಿಲ್ಲ. ಕೈಕಾಲಿಗೆ ಸರಪಳಿ ಹಾಕಿ ತಿಂಗಳುಗಟ್ಟಲೆ ಜೈಲಿನಲ್ಲಿಟ್ಟರು. 1944ರ ಸೆಪ್ಟೆಂಬರ್‌ನಲ್ಲಿ ಜರ್ಮನಿಯ ಡಕಾವ್ ಸೆರೆಶಿಬಿರದಲ್ಲಿ ಗುಂಡಿಟ್ಟು ಕೊಂದರು.

1943ರ ಫೆಬ್ರವರಿಯಲ್ಲಿ ಫ್ರೆಂಚ್ ಯುವಕರು ಜರ್ಮನಿಯ ಕಾರ್ಖಾನೆಗಳಿಗೆ ಕಡ್ಡಾಯವಾಗಿ ದುಡಿಯಲು ಹೋಗಬೇಕು ಎಂದು ವಿಶಿ ಕಾನೂನು ತಂದಿತು. ಸಾವಿರಾರು ಹುಡುಗರು ಕಾಡುಗುಡ್ಡ ಸೇರಿದ್ದು ಆಗ. ನಗರಗಳಲ್ಲಿ ವಲಸಿಗರ ಗುಂಪುಗಳಿದ್ದವು. ಅರ್ಮೇನಿಯನ್ ಕವಿ ಮಿಸಾಕ್ ಮನೂಷಿಯನ್ ನಾಯಕತ್ವದ ಗುಂಪು ಅದರಲ್ಲೊಂದು. 1944ರ ಫೆಬ್ರವರಿ 21ರಂದು ಇವರಲ್ಲಿ 22 ಮಂದಿಗೆ ಪ್ಯಾರಿಸ್ ಬಳಿ ಗುಂಡಿಟ್ಟರು. ಗುಂಪಿನ ಓಲ್ಗಾ ಬಾನ್ಸಿಕ್ ಅವರ ತಲೆಯನ್ನು ಜರ್ಮನಿಯಲ್ಲಿ ಕಡಿದರು. ಹತ್ತು ಮುಖಗಳನ್ನು ಕೆಂಪು ಪೋಸ್ಟರ್‌ನಲ್ಲಿ ಅಚ್ಚು ಹಾಕಿ, ಇವನು ಯಹೂದಿ, ಇವನು ಅರ್ಮೇನಿಯನ್, ಇವರೇನಾ ನಿಮ್ಮ ವಿಮೋಚಕರು ಎಂದು ಗೋಡೆಗೋಡೆಗೂ ಅಂಟಿಸಿದರು.

ಗೆದ್ದ ಮೇಲೆ ಏನಾಯಿತು? 1944ರ ಆಗಸ್ಟ್ 15ರಂದು ದಕ್ಷಿಣ ಕರಾವಳಿಯಲ್ಲಿ ಇಳಿದ ಫ್ರೆಂಚ್ ಸೇನೆಯಲ್ಲಿ ಬಹುಪಾಲು ಆಫ್ರಿಕಾದಿಂದ ಬಂದವರು. ತುಲಾಂ, ಮಾರ್ಸೇ ಬಿಡಿಸಿದ್ದು ಆ ಸೇನೆಯೇ. ಚಳಿಗಾಲ ಬರುವಷ್ಟರಲ್ಲಿ ಸಾವಿರಾರು ಕಪ್ಪು ಸೈನಿಕರನ್ನು ಹಿಂದಕ್ಕೆ ಕಳಿಸಿ, ಅವರ ಜಾಗಕ್ಕೆ ಬಿಳಿಯ ಹುಡುಗರನ್ನು ಸೇರಿಸಿಕೊಂಡರು. ಎಷ್ಟೋ ಕಡೆ ಮೈಮೇಲಿನ ಕೋಟನ್ನೂ ಬಿಚ್ಚಿಸಿಕೊಂಡರು. ಬಾಕಿ ಸಂಬಳ ಕೊಡಿ ಎಂದು ಕೇಳಿದವರ ಮೇಲೆ ಡಿಸೆಂಬರ್ 1ರಂದು ಸೆನೆಗಲ್‌ನ ತಿಯಾರೊಯ್ ಶಿಬಿರದಲ್ಲಿ ಫ್ರೆಂಚ್ ಸೇನೆಯೇ ಗುಂಡು ಹಾರಿಸಿತು. ಇವರು ಜರ್ಮನ್ನರ ಸೆರೆಯಿಂದ ಬಿಡುಗಡೆಯಾಗಿ ಬಂದಿದ್ದವರು!

ದ ಗಾಲ್ ಶುರುಮಾಡಿದ ವಿಮೋಚನಾ ಪದಕ ಸಿಕ್ಕಿದ್ದು 1,038 ಜನರಿಗೆ. ಅವರಲ್ಲಿ ಹೆಂಗಸರು ಬರೀ ಆರು. ಸೂಟ್‌ಕೇಸ್ ಹೊತ್ತವರು, ಮನೆಯಲ್ಲಿ ಅಡಗಿಸಿಟ್ಟು ಅನ್ನ ಹಾಕಿದವರು, ಚೀಟಿ ಮುಟ್ಟಿಸಿದವರು ಯಾರು ಅನ್ನೋದು ಗೊತ್ತಿದ್ದೂ ಹೀಗೆ.

ಲೆಕ್ಕ ಸರಿಮಾಡುವ ಕೆಲಸ ನಿಧಾನವಾಗಿ ನಡೆಯಿತು. ವಸಾಹತುಗಳು ಸ್ವತಂತ್ರವಾಗುವ ಹೊತ್ತಿಗೆ, 1959ರಲ್ಲಿ, ಅಲ್ಲಿನ ಮಾಜಿ ಸೈನಿಕರ ಪಿಂಚಣಿ ಇದ್ದಲ್ಲೇ ನಿಲ್ಲುವಂತೆ ಕಾನೂನಾಗಿತ್ತು. ಫ್ರೆಂಚ್ ಸೈನಿಕರಿಗೆ ಕೊಡುವಷ್ಟೇ ಪಿಂಚಣಿಯನ್ನು ಅವರಿಗೂ ಕೊಡುತ್ತೇವೆ ಎಂದು ಅಧ್ಯಕ್ಷ ಷಿರಾಕ್ ಹೇಳಿದ್ದು 2006ರಲ್ಲಿ. ಅಷ್ಟರಲ್ಲಿ ಬಹುಪಾಲು ಜನ ತೀರಿಹೋಗಿದ್ದರು. ಮೂಲಾಂ ಅವರನ್ನು 1964ರಲ್ಲೇ ಪ್ಯಾರಿಸ್‌ನ ಪಾಂತಿಯೊಂಗೆ ಸೇರಿಸಿದ್ದರು, ದೇಶದ ಮಹನೀಯರ ಸಮಾಧಿ ಇರುವಲ್ಲಿಗೆ. ಮನೂಷಿಯನ್ ಮತ್ತು ಹೆಂಡತಿ ಮೆಲಿನೆ ಅಲ್ಲಿಗೆ ಹೋಗಲು 2024ರ ಫೆಬ್ರವರಿ 21 ಆಯಿತು. ತಿಯಾರೊಯ್‌ನಲ್ಲಿ ನಡೆದದ್ದು ಹತ್ಯಾಕಾಂಡ ಎಂದು ಅಧ್ಯಕ್ಷ ಮ್ಯಾಕ್ರೋನ್ ಬರೆದುಕೊಟ್ಟದ್ದು ಅದೇ ವರ್ಷದ ನವೆಂಬರ್‌ನಲ್ಲಿ. ಸತ್ತವರು 35 ಎಂದು ಸೇನೆ ಆಗ ಹೇಳಿತ್ತು, 2014ರಲ್ಲಿ ಅಧ್ಯಕ್ಷ ಒಲಾಂದ್ 70ಕ್ಕೂ ಹೆಚ್ಚು ಎಂದಿದ್ದರು, ಇನ್ನೂ ಎಷ್ಟೋ ಜಾಸ್ತಿ ಎನ್ನುವ ಇತಿಹಾಸಕಾರರೂ ಇದ್ದಾರೆ. ಕಡತಗಳನ್ನೆಲ್ಲ ತೆರೆಯಿರಿ ಎಂದು ಸೆನೆಗಲ್ ಇಂದಿಗೂ ಕೇಳುತ್ತಿದೆ.