ಏರಿನಲ್ಲಿ ನಿಂತ ಬ್ಯಾಟರಿ ಸತ್ತಿಲ್ಲ

ಕಾಸರಗೋಡಿನ ಪೆರ್ಲ, ಬಾಯಾರು, ಮುಳ್ಳೇರಿಯ ಕಡೆ ಹಳೆಯ ಇಲೆಕ್ಟ್ರಿಕ್ ಸೈಕಲ್ಲಿನ ಮೇಲೆ ಕೇಳಿಬರುವ ದೂರು ಒಂದೇ. ಸಮತಟ್ಟಿನಲ್ಲಿ ಚೆನ್ನಾಗಿ ಓಡುತ್ತದೆ, ಏರು ಸಿಕ್ಕಿದ ಕೂಡಲೇ ಪವರ್ ಹೋಗುತ್ತದೆ. ಐದು ನಿಮಿಷ ಬಿಟ್ಟು ಸ್ವಿಚ್ ಹಾಕಿದರೆ ಮತ್ತೆ ಮೂರು ಗೀಟು ಚಾರ್ಜ್ ತೋರಿಸುತ್ತದೆ. ‘ಬ್ಯಾಟರಿಗೆ ಆಯಾಸ, ವಿಶ್ರಾಂತಿ ಕೊಡಿ’ ಎನ್ನುವವರಿದ್ದಾರೆ. ‘ಒಮ್ಮೆ ಪೂರ್ತಿ ಖಾಲಿ ಮಾಡಿ ಚಾರ್ಜ್ ಮಾಡಿ’ ಎನ್ನುವವರೂ ಇದ್ದಾರೆ. ಎರಡೂ ತಪ್ಪು, ಎರಡನೆಯದು ಅಪಾಯವೂ ಹೌದು. ಅದು 1899ರಲ್ಲಿ ಸ್ವೀಡನ್ನಿನ ವಾಲ್ಡೆಮಾರ್ ಯುಂಗ್ನರ್ ರೂಪಿಸಿದ ನಿಕಲ್-ಕ್ಯಾಡ್ಮಿಯಂ ಬ್ಯಾಟರಿಯ ಕಾಲದಿಂದ ಉಳಿದುಬಂದ ಸಲಹೆ. ಈ ಸೈಕಲ್ಲುಗಳ ಲಿಥಿಯಂ ಬ್ಯಾಟರಿಗೆ ಅದು ಅನ್ವಯಿಸುವುದೇ ಇಲ್ಲ.

ನಿಜವಾಗಿ ಆಗುವುದು ಬೇರೆ. ಬ್ಯಾಟರಿ ಹಳತಾದಂತೆ ಅದರೊಳಗಿನ ರೋಧ ಏರುತ್ತದೆ. ಮೊದಲ ಚಾರ್ಜಿನಲ್ಲೇ ಒಳಗಿನ ನೆಗೆಟಿವ್ ಬದಿಯ ಗ್ರಾಫೈಟ್ ಮೇಲೆ ಒಂದು ತೆಳು ಪದರ ಕಟ್ಟುತ್ತದೆ. 1979ರಲ್ಲಿ ಇಸ್ರೇಲಿನ ವಿಜ್ಞಾನಿ ಇಮ್ಯಾನುಯೆಲ್ ಪೆಲೆಡ್ ಇಂಥ ಪದರಕ್ಕೆ ‘ಎಸ್‌ಇಐ’ ಎಂದು ಹೆಸರಿಟ್ಟು ಅದರ ಸ್ವಭಾವ ವಿವರಿಸಿದರು. ಪದರವಿಲ್ಲದೆ ಬ್ಯಾಟರಿ ಬಾಳುವುದಿಲ್ಲ. ಆದರೆ ಸೆಕೆಯಲ್ಲಿ, ಅದರಲ್ಲೂ ಪೂರ್ತಿ ಚಾರ್ಜಿನಲ್ಲಿ ಇಟ್ಟಲ್ಲೇ ಇಟ್ಟರೆ, ಅದು ದಪ್ಪವಾಗುತ್ತಾ ಲಿಥಿಯಂ ಅನ್ನು ನುಂಗುತ್ತದೆ, ಅಯಾನುಗಳ ದಾರಿಯನ್ನು ಬಿಗಿ ಮಾಡುತ್ತದೆ. ಅಡಿಕೆ ತೋಟದ ಹಳೆಯ ಸ್ಪ್ರಿಂಕ್ಲರ್ ಪೈಪಿನ ಒಳಗೆ ಕೆಸರು ಕಟ್ಟಿದ ಹಾಗೆ: ಗೇಟ್‌ವಾಲ್ವ್ ಮುಚ್ಚಿದ್ದಾಗ ಮೀಟರಿನಲ್ಲಿ ಒತ್ತಡ ಭರ್ತಿ, ಎಲ್ಲ ಜೆಟ್ಟುಗಳನ್ನು ಬಿಟ್ಟರೆ ಕೊನೆಯ ಜೆಟ್ಟಿಗೆ ನೀರೇ ಇಲ್ಲ.

ಲೆಕ್ಕ ಸರಳ. 36 ವೋಲ್ಟಿನ ಹಳೆಯ ಬ್ಯಾಟರಿ ಪ್ಯಾಕಿನ ಒಳರೋಧ 0.3 ಓಮ್ ಎಂದಿಟ್ಟುಕೊಳ್ಳಿ. ಏರಿನಲ್ಲಿ ಮೋಟಾರು 15 ಆಂಪಿಯರ್ ಎಳೆದರೆ ಒಳಗೇ 4.5 ವೋಲ್ಟ್ ಕುಸಿಯುತ್ತದೆ. ಚಾರ್ಜ್ ಇಳಿದು 35 ವೋಲ್ಟ್ ಇದ್ದ ಪ್ಯಾಕು 30.5ಕ್ಕೆ ಬೀಳುತ್ತದೆ, ಮೋಟಾರಿಗೆ ಕರೆಂಟ್ ಹಂಚುವ, ಸುಮಾರು 31ಕ್ಕೆ ನಿಲ್ಲಿಸುವ ಕಂಟ್ರೋಲರ್ ಕೈಬಿಡುತ್ತದೆ. ಎಳೆತ ನಿಂತ ಕ್ಷಣ ಕುಸಿತವೂ ಮಾಯ. ‘ವಿಶ್ರಾಂತಿಯ ಶಕ್ತಿ’ ಎಂದರೆ ಹೆಚ್ಚಾಗಿ ಇಷ್ಟೇ. ಏರಿನಲ್ಲಿ ಎಳೆಯುವ ಹೊತ್ತಿಗೆ ಪ್ಯಾಕಿನ ಒಳಗೆ ಸುಮಾರು 67 ವಾಟ್ ಬರೀ ಬಿಸಿಯಾಗುತ್ತಿರುತ್ತದೆ ಎಂಬುದನ್ನೂ ಮರೆಯಬಾರದು.

ಹಾಗಾಗಿ ಸಾದಾ ಸೈಕಲ್ಲನ್ನು ಇಲೆಕ್ಟ್ರಿಕ್ ಮಾಡುವ ಕನ್ವರ್ಶನ್ ಕಿಟ್ಟಿಗೆ ಹಳೆಯ ಬ್ಯಾಟರಿ ಜೋಡಿಸುವ ಮೊದಲು ಸುಮ್ಮನೆ ವೋಲ್ಟೇಜ್ ನೋಡಿ ಖುಷಿಪಡಬೇಡಿ. ಭಾರ ಹೊರಿಸಿ ನೋಡಿ. 12 ವೋಲ್ಟ್, 55 ವಾಟಿನ ಕಾರಿನ ಹೆಡ್‌ಲೈಟ್ ಬಲ್ಬು ಮೂರು ಸಾಕು (48 ವೋಲ್ಟಿನ ಪ್ಯಾಕಿಗೆ ನಾಲ್ಕು), ಒಂದರ ಹಿಂದೆ ಒಂದರಂತೆ ಸರಣಿಯಲ್ಲಿ. ಸರಿಯಾದ ಚಾರ್ಜರಿನಲ್ಲಿ ಪೂರ್ತಿ ತುಂಬಿಸಿ, ಒಂದು ರಾತ್ರಿ ಬಿಟ್ಟು, ವೋಲ್ಟೇಜ್ ಬರೆದುಕೊಳ್ಳಿ. ಬಲ್ಬು ಉರಿಸಿ ಕೆಲವು ಸೆಕೆಂಡಿನ ಬಳಿಕ ಮತ್ತೆ ಬರೆದುಕೊಳ್ಳಿ. ಎಳೆತ ಸುಮಾರು 5 ಆಂಪಿಯರ್. ಒಂದು ವೋಲ್ಟ್ ಇಳಿದರೆ ರೋಧ 0.2 ಓಮ್, ಒಂದೂವರೆ ಇಳಿದರೆ 0.3. ಬಲ್ಬು ಹಾಗೆಯೇ ಉರಿಯಲಿ, 36ರ ಪ್ಯಾಕು 32 ವೋಲ್ಟಿಗೆ ಬಂದಾಗ ನಿಲ್ಲಿಸಿ. 10 ಆಂಪಿಯರ್-ಗಂಟೆಯ ಹೊಸ ಪ್ಯಾಕು ಎರಡು ಗಂಟೆಯ ಆಸುಪಾಸು ಉರಿಸುತ್ತದೆ. ಎಪ್ಪತ್ತು ನಿಮಿಷ ಉರಿಸಿದರೆ ಆರು ಆಂಪಿಯರ್-ಗಂಟೆಯಷ್ಟು ಉಳಿದಿದೆ ಎಂದರ್ಥ. ಬಲ್ಬುಗಳು ಕೈ ಸುಡುವಷ್ಟು ಕಾಯುತ್ತವೆ. ಸಿಮೆಂಟು ನೆಲದ ಮೇಲೆ, ಎದುರಿಗೇ ಕೂತು ಮಾಡುವ ಕೆಲಸ ಇದು.

ಆರು ಉಳಿದಿದ್ದರೆ ಸುಮಾರು 215 ವಾಟ್-ಗಂಟೆ. ಪೆಡಲ್ ತುಳಿಯುತ್ತಾ ಹೋದರೆ ಕಿಲೋಮೀಟರಿಗೆ 10ರಿಂದ 15 ವಾಟ್-ಗಂಟೆ ಬೇಕು, ಅಂದರೆ 14ರಿಂದ 21 ಕಿಲೋಮೀಟರ್. ಸವಾರ, ಸೈಕಲ್ ಸೇರಿ 100 ಕಿಲೋ ಇದ್ದರೆ 30 ಮೀಟರ್ ಎತ್ತರ ಹತ್ತಲು ಖರ್ಚಾಗುವುದು 8 ವಾಟ್-ಗಂಟೆ ಮಾತ್ರ. ಮೋಟಾರಿನ ನಷ್ಟ ಸೇರಿಸಿದರೂ ಅದು ದೊಡ್ಡ ಮೊತ್ತವಲ್ಲ. ಗುಡ್ಡೆ ಹತ್ತಲು ಶಕ್ತಿಯ ಕೊರತೆ ಇಲ್ಲ. ಅದನ್ನು ಒಂದೇ ಸಲಕ್ಕೆ ಎಳೆಯುವುದೇ ತೊಂದರೆ.

ಪರಿಹಾರವೂ ಅಲ್ಲೇ ಇದೆ. ಕರೆಂಟ್ ಮಿತಿಯನ್ನು ಡಿಸ್ಪ್ಲೇ ಸೆಟ್ಟಿಂಗಿನಲ್ಲಿ ಇಳಿಸಬಹುದಾದ ಕಂಟ್ರೋಲರನ್ನೇ ಕೇಳಿ ತೆಗೆದುಕೊಳ್ಳಿ. 15ರಿಂದ 10 ಆಂಪಿಯರಿಗೆ ಇಳಿಸಿದರೆ ಕುಸಿತ ಮೂರನೇ ಒಂದರಷ್ಟು ಕಡಿಮೆ, ಬಿಸಿ ಅರ್ಧಕ್ಕಿಂತಲೂ ಕಡಿಮೆ. ಏರಿನಲ್ಲಿ ನಿಧಾನವಾಗುತ್ತದೆ, ತುಳಿಯಬೇಕಾಗುತ್ತದೆ, ಆದರೆ ನಿಲ್ಲುವುದಿಲ್ಲ. ನಮ್ಮ ಏರುತಗ್ಗಿಗೆ ಚಕ್ರದ ನಡುವೆ ಕೂರುವ, ಒಳಗೆ ಗೇರ್ ಇರುವ ಹಬ್ ಮೋಟಾರೇ ಸರಿ. 250 ವಾಟ್, ಗಂಟೆಗೆ 25 ಕಿಲೋಮೀಟರಿನ ಕಾನೂನು ಮಿತಿಯೊಳಗಿನದ್ದು ಸಾಕು.

ವೋಲ್ಟೇಜ್ ಹೊಂದುವುದು ಕಡ್ಡಾಯ. ಹಳೆಯ ಚಾರ್ಜರಿನ ಮೇಲೆ 42 ವೋಲ್ಟ್ ಎಂದಿದ್ದರೆ ಅದು 36ರ ಪ್ಯಾಕು, 54.6 ಎಂದಿದ್ದರೆ 48ರದ್ದು. 36ರ ಕಂಟ್ರೋಲರಿನಲ್ಲಿ 50 ವೋಲ್ಟಿನ ಕೆಪಾಸಿಟರ್ ಇದ್ದು ನೀವು 54.6 ಕೊಟ್ಟರೆ ಅದು ಸಿಡಿಯಬಹುದು. ಬ್ಯಾಟರಿಯ ಪಾಸಿಟಿವ್ ತಂತಿಗೆ, ಪ್ಯಾಕಿನ ಹತ್ತಿರವೇ, 20 ಆಂಪಿಯರಿನ ಡಿಸಿ ಫ್ಯೂಸ್ ಹಾಕಿ. 60 ವೋಲ್ಟಿಗೂ ಮೇಲಿನದ್ದಿರಲಿ. ಮನೆಯ ಎಸಿ ಫ್ಯೂಸ್ ಇಲ್ಲಿಗಲ್ಲ, ಡಿಸಿಯ ಕಿಡಿ ಅಷ್ಟು ಸುಲಭದಲ್ಲಿ ಆರುವುದಿಲ್ಲ. ತಂತಿ 2.5 ಚದರ ಮಿಲಿಮೀಟರ್. ಮೋಟಾರಿನ ಅಚ್ಚಿಗೆ, ಅದು ತಿರುಗದಂತೆ ಹಿಡಿಯುವ ಟಾರ್ಕ್ ಆರ್ಮ್ ಹಾಕಲು ಮರೆಯಬೇಡಿ: ಅದಿಲ್ಲದೆ ಅಚ್ಚು ತಿರುಗಿದರೆ ತಂತಿ ಹರಿದು ಚಕ್ರವೇ ಕಳಚಬಹುದು. ಆಟಿಯ ಮಳೆಗೆ ಕೇಬಲ್ಲುಗಳೆಲ್ಲ ಕಂಟ್ರೋಲರ್ ಪೆಟ್ಟಿಗೆಯ ಕೆಳಗಿನಿಂದಲೇ ಒಳಹೋಗಲಿ.

ಕೆಲವು ಪ್ಯಾಕುಗಳು ಮೂಲ ಗಾಡಿಯ ಸಂಕೇತ ಬಾರದೆ ವಿದ್ಯುತ್ ಕೊಡುವುದಿಲ್ಲ. ಅದಕ್ಕಾಗಿ ಸೆಲ್ಲುಗಳನ್ನು ಕಾಯುವ ಬಿಎಂಎಸ್ ಬೋರ್ಡನ್ನು ತಪ್ಪಿಸಿ ನೇರ ತಂತಿ ಎಳೆಯುವುದನ್ನು ಯಾರೂ ಮಾಡಕೂಡದು. ಉಬ್ಬಿದ, ನೀರು ಹೊಕ್ಕ, ಸಿಹಿ ವಾಸನೆ ಬರುವ ಪ್ಯಾಕೂ ಬೇಡ. ವರ್ಷಗಟ್ಟಲೆ ಮೂಲೆಯಲ್ಲಿ ಬಿದ್ದು ಸೆಲ್ಲೊಂದು 2 ವೋಲ್ಟಿಗಿಂತ ಕೆಳಗಿಳಿದಿದ್ದರೆ ಅದನ್ನು ‘ಎಬ್ಬಿಸುವ’ ಸಾಹಸ ಬೇಡವೇ ಬೇಡ. ಅಷ್ಟು ಇಳಿದಾಗ ಒಳಗಿನ ತಾಮ್ರದ ಹಾಳೆ ಕರಗತೊಡಗಬಹುದು. ಮತ್ತೆ ಚಾರ್ಜ್ ಮಾಡಿದಾಗ ಆ ತಾಮ್ರ ಬೇಡದ ಕಡೆ ಅಂಟಿಕೊಂಡು, ಮುಂದೊಂದು ದಿನ ಒಳಗೇ ಶಾರ್ಟ್ ಆಗಬಹುದು. ಚಾರ್ಜರಿನಿಂದ ಕಳಚಿದ ಸೆಲ್ಲೂ ಆಮೇಲೆ ಹೊತ್ತಿಕೊಳ್ಳಬಹುದು. ಇಂಥದ್ದರ ತುದಿಗಳಿಗೆ ಇನ್ಸುಲೇಶನ್ ಟೇಪ್ ಸುತ್ತಿ, ಗುಜರಿಗೆ ಹಾಕದೆ, ಬ್ಯಾಟರಿ ಮಾರಿದ ಅಂಗಡಿಯಲ್ಲಿ ಅಥವಾ ಪಂಚಾಯತಿನ ಕಸ ಸಂಗ್ರಹಿಸುವ ಹರಿತ ಕರ್ಮ ಸೇನೆಯವರಲ್ಲಿ ವಿಚಾರಿಸಿ, ಲಿಥಿಯಂ ಎಂದು ಹೇಳಿಯೇ ಒಪ್ಪಿಸಿ.