ಐಸೋನಿಮಿ: ಕುಲನಾಮ ಎಣಿಸಿ ಜನರ ನಂಟು ಅಳೆಯುವ ಲೆಕ್ಕ

ಇಬ್ಬರಿಗೆ ಒಂದೇ ಕುಲನಾಮ ಇರುವುದೇ ಐಸೋನಿಮಿ. ಇದು ಎಷ್ಟು ಸಲ ಸಂಭವಿಸುತ್ತದೆ ಎಂದು ನೋಡಿ, ಒಂದು ಊರಿನ ಅಥವಾ ದೇಶದ ಜನ ಎಷ್ಟರ ಮಟ್ಟಿಗೆ ತಮ್ಮೊಳಗೇ ಸಂಬಂಧ ಬೆಳೆಸಿದವರು, ಎಷ್ಟು ಮಂದಿ ಹೊರಗಿನಿಂದ ಬಂದು ಸೇರಿದವರು ಎಂದು ಅಂದಾಜಿಸುತ್ತಾರೆ. ತಂದೆಯಿಂದ ಮಗನಿಗೆ ಬರುವ ಕುಲನಾಮ ವೈ ಕ್ರೋಮೋಸೋಮಿನ ದಾರಿಯಲ್ಲೇ ಸಾಗುತ್ತದೆ. ಹಾಗಾಗಿ ರಕ್ತಪರೀಕ್ಷೆ ಬೇಡ, ಮತದಾರರ ಪಟ್ಟಿ ಸಾಕು. 1875ರಲ್ಲಿ ಚಾರ್ಲ್ಸ್ ಡಾರ್ವಿನ್ನರ ಮಗ ಜಾರ್ಜ್ ಡಾರ್ವಿನ್ ಇಂಗ್ಲೆಂಡಿನಲ್ಲಿ ಒಂದೇ ಕುಲನಾಮದವರ ಮದುವೆಗಳನ್ನು ಎಣಿಸಿ, ಹತ್ತಿರದ ಸಂಬಂಧದ ಮದುವೆಗಳ ಪ್ರಮಾಣ ಲೆಕ್ಕ ಹಾಕಿದ್ದರು. 1965ರಲ್ಲಿ ತಳಿವಿಜ್ಞಾನಿಗಳಾದ ಕ್ರೋ ಮತ್ತು ಮಾಂಜ್ ಇದಕ್ಕೆ ಸೂತ್ರ ಕೊಟ್ಟರು: ಸಮನಾಮ ಮದುವೆಗಳ ಪಾಲನ್ನು 4ರಿಂದ ಭಾಗಿಸಿದರೆ ಒಳಸಂಬಂಧದ ಗುಣಾಂಕ, ಅಂದರೆ ಮಗುವಿಗೆ ತಂದೆ, ತಾಯಿ ಎರಡೂ ಕಡೆಯಿಂದ ಒಬ್ಬನೇ ಪೂರ್ವಜನ ಒಂದೇ ಜೀನ್ ಬರುವ ಸಂಭವ.

ಮದುವೆಯ ದಾಖಲೆ ಇಲ್ಲದಿದ್ದರೂ ಲೆಕ್ಕ ನಡೆಯುತ್ತದೆ. ಒಂದೂರಿನ 100 ಗಂಡಸರಲ್ಲಿ ರೈ 40, ಭಟ್ 30, ಶೆಟ್ಟಿ 20, ನಾಯಕ್ 10 ಎಂದಿಟ್ಟುಕೊಳ್ಳಿ. ಪಾಲುಗಳ ವರ್ಗಗಳನ್ನು ಕೂಡಿಸಿ: 0.16 + 0.09 + 0.04 + 0.01 = 0.30. ಯಾರಾದರೂ ಇಬ್ಬರನ್ನು ಆರಿಸಿದರೆ ಅವರ ಕುಲನಾಮ ಒಂದೇ ಆಗಿರುವ ಸಂಭವ ಇದು. ಒಬ್ಬನನ್ನು ಅವನೊಂದಿಗೇ ಜೋಡಿ ಮಾಡದಂತೆ ತಿದ್ದಿದರೆ 2900/9900, ಅಂದರೆ 0.293. ಪಟ್ಟಿ ಚಿಕ್ಕದಾದಷ್ಟೂ ಈ ತಿದ್ದುಪಡಿ ಮುಖ್ಯ. ಪಕ್ಕದೂರಿನಲ್ಲಿ ಇವೇ ಹೆಸರುಗಳು 10, 20, 30, 40 ಇದ್ದರೆ ಆಯಾ ಹೆಸರಿನ ಪಾಲುಗಳನ್ನು ಗುಣಿಸಿ ಕೂಡಿಸಿ: 0.20. ಅದರ ಅರ್ಧ, 0.10, ಎರಡೂರುಗಳ ನಂಟಿನ ಲ್ಯಾಸ್ಕರ್ ಗುಣಾಂಕ. ಊರುಗಳ ನಡುವಿನ ದೂರ ಹೆಚ್ಚಿದಂತೆ ಇದು ಇಳಿಯುತ್ತಾ ಹೋದರೆ, ಜನ ಹತ್ತಿರದಲ್ಲೇ ಸಂಬಂಧ ಮಾಡಿಕೊಂಡಿದ್ದಾರೆ ಎಂದರ್ಥ.

ಇಷ್ಟೆಲ್ಲ ನಿಂತಿರುವುದು ಒಂದು ಹೆಸರಿಗೆ ಒಬ್ಬನೇ ಮೂಲಪುರುಷ ಎಂಬ ನಂಬಿಕೆಯ ಮೇಲೆ. ಕಾಸರಗೋಡಿನಲ್ಲಿ ಅದು ಬೇಗ ಕುಸಿಯುತ್ತದೆ. ಭಟ್ ಎಂದು ಬರೆಯುವವರು ಹವ್ಯಕರಲ್ಲಿದ್ದಾರೆ, ಶಿವಳ್ಳಿಯವರಲ್ಲಿದ್ದಾರೆ, ಕರಾಡರಲ್ಲೂ ಕೊಂಕಣಿಗರಲ್ಲೂ ಇದ್ದಾರೆ. ಇವರನ್ನೆಲ್ಲ ಒಂದೇ ರಾಶಿಗೆ ಹಾಕಿದರೆ ಇಲ್ಲದ ನಂಟು ಹುಟ್ಟಿಕೊಳ್ಳುತ್ತದೆ. ಬಂಟರಲ್ಲಂತೂ ಕುಲ ಹಿಡಿಯುವುದು ತಾಯಿಯ ಕಡೆಯ ‘ಬಳಿ’ಯಿಂದ, ಅಂದರೆ ತಾಯಿವಂಶದ ಗುಂಪಿನಿಂದ. ರೈ, ಶೆಟ್ಟಿ ನೋಡಿ ಬಳಿ ಹೇಳಲಾಗದು.

ಹಾಗಾದರೆ ಬಳಿಯನ್ನೋ ಗೋತ್ರವನ್ನೋ ಎಣಿಸೋಣ ಎನ್ನಬಹುದು. ಅಲ್ಲೇ ದೊಡ್ಡ ಗುಂಡಿ ಇರುವುದು. ಒಂದೇ ಬಳಿಯಲ್ಲಿ, ಒಂದೇ ಗೋತ್ರದಲ್ಲಿ ಮದುವೆ ಸಂಪ್ರದಾಯದಂತೆ ನಿಷಿದ್ಧ. ಸಮನಾಮ ಮದುವೆ ಸೊನ್ನೆ, ಕ್ರೋ–ಮಾಂಜ್ ಸೂತ್ರದ ಉತ್ತರವೂ ಸೊನ್ನೆ. ಆದರೆ ಸೋದರಮಾವನ ಮಗಳನ್ನು ತಂದುಕೊಳ್ಳುವ ರೂಢಿ ಇರುವ ಕಡೆ ನಿಜವಾದ ಒಳಸಂಬಂಧ ಸೊನ್ನೆಯಲ್ಲ: ಅಂಥ ಮದುವೆಯ ಮಕ್ಕಳ ಗುಣಾಂಕ 1/16. ಆ 4ರ ಭಾಗಾಕಾರ ಚಿಕ್ಕಪ್ಪ–ದೊಡ್ಡಪ್ಪನ ಮಕ್ಕಳು, ಸೋದರತ್ತೆಯ ಮಕ್ಕಳು, ಸೋದರಮಾವನ ಮಕ್ಕಳು, ಚಿಕ್ಕಮ್ಮ–ದೊಡ್ಡಮ್ಮನ ಮಕ್ಕಳು, ಈ ನಾಲ್ಕು ಬಗೆಯ ಮದುವೆಗಳೂ ಸಮಸಮ ನಡೆಯುವಲ್ಲಿ ಮಾತ್ರ ಸರಿ. ನಮ್ಮಲ್ಲಿ ಮದುವೆಯ ಸೂತ್ರ ಬಿಟ್ಟುಬಿಡುವುದೇ ಲೇಸು. ಊರು–ಊರಿನ ಹೋಲಿಕೆಗೆ ಬಳಿ ಚೆನ್ನಾಗಿ ಒದಗುತ್ತದೆ, ಆದರೆ ಅದು ಹೇಳುವುದು ತಾಯಿ ಕಡೆಯ ಸಾಲಿನ ಸಂಗತಿ.

ಮನೆಹೆಸರು ಇನ್ನೊಂದು ದಾರಿ. ಹಳೆಯ ತರವಾಡಿನ (ಕುಟುಂಬದ ಮೂಲಮನೆಯ) ಹೆಸರಾದರೆ ಕುಲನಾಮಕ್ಕಿಂತ ಎಷ್ಟೋ ನಿಖರ. ಹೊಸ ಮನೆಗಳ 'ಶ್ರೀನಿಲಯ', 'ಗುರುಕೃಪಾ'ಗಳನ್ನು ಮೊದಲೇ ತೆಗೆದುಹಾಕಿ, ಇವು ಎಲ್ಲ ಊರಲ್ಲೂ ಇವೆ. ಮಲಯಾಳ, ಕನ್ನಡ, ಇಂಗ್ಲಿಷ್ ಪಟ್ಟಿಗಳನ್ನು ಬೆರೆಸುವುದಾದರೆ ಎಣಿಸುವ ಮುನ್ನ ಕಾಗುಣಿತ ಒಂದು ಮಾಡಿಕೊಳ್ಳಿ. ನಾಯಕ್, ನಾಯ್ಕ್ ಎರಡನ್ನು ಮಾತ್ರ ಕೇಳದೆ ಕೂಡಿಸಬೇಡಿ: ಮೊದಲನೆಯದು ಕೊಂಕಣಿಗರದ್ದಾಗಿ, ಎರಡನೆಯದು ಮರಾಟಿಯವರದ್ದಾಗಿ ಇರಬಹುದು.